ಮಹಡಿ ಕೋಣೆಗೆ ವೈಫೈ ತಲುಪುತ್ತಿಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು, ತೀರ್ಥಹಳ್ಳಿ ಕಡೆಯಿಂದ:
ಕೆಳಗೆ ಹಳೇ ಕಾಲದ ಜಂಬಿಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ಮಹಡಿ. ಫೈಬರ್ ಲೈನ್ ಜಗಲಿಗೆ ಬಂದಿದೆ. ಅಲ್ಲಿ ವೈಫೈ ಚೆನ್ನಾಗಿದೆ, ಮಹಡಿ ಕೋಣೆಯಲ್ಲಿ ಆಫೀಸ್ ಮೀಟಿಂಗ್ ಮಧ್ಯೆ ಕಡಿದುಹೋಗುತ್ತದೆ. ರಿಪೀಟರ್ (ಬಂದ ವೈಫೈ ಸಿಗ್ನಲನ್ನೇ ಮತ್ತೆ ಹಂಚುವ ಡಬ್ಬಿ) ತಗೊಳ್ಳಲಾ, ಮೆಶ್ (ಒಂದೇ ವೈಫೈ ಆಗಿ ಸೇರಿ ಕೆಲಸ ಮಾಡುವ ಹಲವು ಬಾಕ್ಸ್) ತಗೊಳ್ಳಲಾ? ಹಳೇ ರೌಟರ್ ಒಂದು ಕಪಾಟಿನಲ್ಲಿ ಬಿದ್ದಿದೆ, ಅದೇನಾದರೂ ಉಪಯೋಗಕ್ಕೆ ಬಂದೀತಾ?

ಸಾಗರದಿಂದ:
ದುಡ್ಡು ಕೊಟ್ಟು ಏನೂ ತರಬೇಡಿ, ಮೊದಲು ಒಂದು ಕೇಬಲ್ ಮೇಲಕ್ಕೆ ಎಳೆಯಿರಿ. ನಮ್ಮದೂ ಇಂಥದೇ ಮನೆ. ಮೊದಲು ರಿಪೀಟರ್ ತಂದು ಮಹಡಿ ಕೋಣೆಯಲ್ಲೇ ಹಾಕಿದೆವು. ಅಲ್ಲಿಗೆ ಬರುವ ಸಿಗ್ನಲ್ಲೇ ಸೊರಗಿದ್ದರೆ ಅದು ಹಂಚುವುದೂ ಅದನ್ನೇ. ಮೆಟ್ಟಿಲ ಮೇಲಿಟ್ಟಾಗ ಕಡ್ಡಿಗಳು ತುಂಬಿದವು, ವೇಗ ಮಾತ್ರ ಅರ್ಧಕ್ಕಿಳಿಯಿತು. ಕೆಳಗಿಂದ ಪಡೆಯುವುದಕ್ಕೂ ಮೇಲೆ ಕೊಡುವುದಕ್ಕೂ ಅದಕ್ಕೆ ಇರುವುದು ಒಂದೇ ಚಾನೆಲ್.

ಆಮೇಲೆ ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ ಎಳೆಸಿದೆವು. ಅಂಗಡಿಯಲ್ಲಿ ಪೂರ್ತಿ ತಾಮ್ರದ್ದೇ ಬೇಕೆಂದು ಕೇಳಿ. ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದು ಅಗ್ಗ, ಆದರೆ ಬಾಗಿಸಿದಲ್ಲಿ ಮುರಿಯುತ್ತದೆ. ಒಂದೇ ಎಳೆಯಲ್ಲಿ 100 ಮೀಟರ್‌ವರೆಗೆ ತೊಂದರೆಯಿಲ್ಲ, ಮನೆಯೊಳಗೆ ಅಷ್ಟು ಬೇಕಾಗುವುದೂ ಇಲ್ಲ.

ನಮ್ಮದು 300 ಎಂಬಿಪಿಎಸ್ ಪ್ಲಾನ್. ಕೇಬಲ್ ಹಾಕಿದ ಮೇಲೂ ಮಹಡಿಯಲ್ಲಿ 94 ದಾಟಲೇ ಇಲ್ಲ. ಎರಡು ದಿನ ರೌಟರ್ ಸೆಟ್ಟಿಂಗ್‌ನಲ್ಲೇ ಹುಡುಕಿದೆ. ಕೊನೆಗೆ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ, ಕಂದು ತಂತಿ ತುದಿ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ತಂತಿ ಬೇಕು. ಕಂದು ಅಥವಾ ನೀಲಿ ಜೋಡಿಯಲ್ಲಿ ಒಂದು ತಪ್ಪಿದರೆ ಉಳಿದವುಗಳಲ್ಲೇ 100ಕ್ಕೆ ಇಳಿದು ನಡೆಯುತ್ತದೆ, ಹಾಗಾಗಿ ಕೆಟ್ಟಿದೆ ಅಂತ ಗೊತ್ತೇ ಆಗುವುದಿಲ್ಲ. ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ, ಅಂದರೆ ತಂತಿಗಳನ್ನು ಹೊಸ ಕನೆಕ್ಟರಿಗೆ ಒತ್ತಿ ಕೂರಿಸಿದೆ. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು: ಎರಡೂ ತುದಿಗೆ ಇದೇ ಕ್ರಮ. ತಕ್ಷಣ ವೇಗ ಸರಿಹೋಯಿತು.

ನಿಮ್ಮ ಹಳೇ ರೌಟರೇ ಆಕ್ಸೆಸ್ ಪಾಯಿಂಟ್ ಆಗುತ್ತದೆ, ಅಂದರೆ ಕೇಬಲಿನಲ್ಲಿ ಬಂದ ಇಂಟರ್ನೆಟ್ಟನ್ನು ಮೇಲೆ ವೈಫೈಯಾಗಿ ಹಂಚುತ್ತದೆ. ಅದರ ಸೆಟ್ಟಿಂಗ್ ಪುಟ ತೆರೆದು ವಿಳಾಸ ಬದಲಿಸಿ: ಕೆಳಗಿನದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡಿ. ಇದನ್ನು ಮರೆತರೆ ಎರಡೂ ರೌಟರ್ ವಿಳಾಸ ಹಂಚಲು ಶುರು ಮಾಡಿ, ಫೋನು ಕನೆಕ್ಟ್ ಆದಂತೆ ಕಂಡರೂ ಇಂಟರ್ನೆಟ್ ಬರುವುದಿಲ್ಲ. ಕೆಳಗಿನಿಂದ ಬಂದ ಕೇಬಲನ್ನು ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನ ಜೋಡಿಸುವ ಕಿಂಡಿ) ಹಾಕಿ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ ಚಾನೆಲ್ 1, ಮೇಲೆ 6 ಅಥವಾ 11 ಇಡಿ, ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಬೆಂಗಳೂರಿನಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಮೆಶ್ ಕೆಟ್ಟದ್ದೇನಲ್ಲ. ನಮ್ಮದು ಬಾಡಿಗೆ ಫ್ಲ್ಯಾಟ್, ಗೋಡೆ ಕೊರೆಯುವ ಹಾಗಿಲ್ಲ, ಮೆಶ್‌ನಿಂದಲೇ ಕೆಲಸ ನಡೆಯುತ್ತಿದೆ. ಸ್ವಂತ ಮನೆಯಾದರೆ ಅದರ ಬಾಕ್ಸ್‌ಗಳನ್ನೂ ಕೇಬಲ್‌ನಿಂದಲೇ ಜೋಡಿಸಿ. ಟಿವಿ, ಕ್ಯಾಮೆರಾ ಎಲ್ಲಕ್ಕೂ ಪೋರ್ಟ್ ಸಾಲದಿದ್ದರೆ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ (ಒಂದು ಕೇಬಲನ್ನು ಹಲವು ಸಾಧನಗಳಿಗೆ ಹಂಚುವ ಡಬ್ಬಿ) ಒಂದಿದ್ದರೆ ಸಾಕು, ಅದಕ್ಕೆ ಸೆಟ್ಟಿಂಗ್ ಏನೂ ಇಲ್ಲ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಈ ಕೇಬಲ್ ತೂರಿಸಬೇಡಿ, ಅದು ಅಪಾಯ.

ಪುತ್ತೂರಿನಿಂದ:
ಮಲೆನಾಡಿನವರು ಅಂದಿರಿ, ಸಿಡಿಲಿನ ವಿಷಯ ಹೇಳಲೇಬೇಕು. ನಮ್ಮಲ್ಲಿ ಅಡಿಕೆ ಶೆಡ್ಡಿಗೆ ಕ್ಯಾಮೆರಾ ಹಾಕಲು ಮನೆಯಿಂದ ಅರುವತ್ತು ಮೀಟರ್ ತಾಮ್ರದ ಕೇಬಲ್ ಹೊರಗಿನಿಂದಲೇ ಎಳೆದಿದ್ದೆ. ಏಪ್ರಿಲ್‌ನ ಒಂದು ಸಂಜೆ ಗುಡುಗು. ಸ್ವಿಚ್, ಕ್ಯಾಮೆರಾ, ರೌಟರಿನ ಎರಡು ಪೋರ್ಟ್ ಒಟ್ಟಿಗೇ ಹೋದವು. ಪ್ಲಗ್ ತೆಗೆದೇ ಇಟ್ಟಿದ್ದೆವು, ಸಿಡಿಲು ಬಂದದ್ದು ಕೇಬಲಿನಿಂದ. ಈಗ ಆ ದಾರಿಗೆ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲಿಗೆ ಜೋಡಿಸುವ ಡಬ್ಬಿ) ಇಟ್ಟಿದ್ದೇನೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಕೆಲವು ಫೈಬರ್ ಕೇಬಲಿಗೆ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ, ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿ. ಮನೆಯೊಳಗಿನ ಕೇಬಲಿಗೆ ಇಷ್ಟು ಹೆದರಬೇಕಿಲ್ಲ, ಹೊರಗೋಡೆಯಲ್ಲಿ ಎಳೆಯಬೇಡಿ ಅಷ್ಟೇ.

ಕರೆಂಟ್ ಹೋದಾಗ ಮೀಟಿಂಗ್ ಉಳಿಯಬೇಕಾದರೆ ಮೇಲೆ, ಕೆಳಗೆ ಎರಡೂ ಕಡೆ ಮಿನಿ ಯುಪಿಎಸ್ ಬೇಕು. ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ ನೋಡಿಕೊಂಡೇ ತನ್ನಿ.

ಕೇಳಿದವರು:
ಎಲ್ಲರಿಗೂ ತುಂಬಾ ಉಪಕಾರವಾಯಿತು. ಜಗಲಿಯಿಂದ ಮಹಡಿಗೆ ಹಳೇ ಡಿಶ್ ಆಂಟೆನಾದ ಪೈಪ್ ಒಳಗಿಂದಲೇ ಹೋಗಿದೆ. ದಾರ ಇಳಿಬಿಟ್ಟು ಅಳೆದೆ, 18 ಮೀಟರ್. ಹಳೇ ರೌಟರಿನ ಹಿಂದೆ ಹಳದಿ ಪೋರ್ಟ್ ನಾಲ್ಕು, ನೀಲಿ ಒಂದು ಇದೆ. ಕೇಬಲ್ ಹಳದಿಗೆ ಹಾಕಬೇಕಲ್ಲವೇ?

ಸಾಗರದಿಂದ:
ಹೌದು, ಹಳದಿ ನಾಲ್ಕೂ ಲ್ಯಾನ್ ಪೋರ್ಟ್, ಯಾವುದಾದರೂ ಆಗುತ್ತದೆ. ನೀಲಿ ಖಾಲಿ ಇರಲಿ. ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಹೆಚ್ಚಿಗೆ ಬಿಡಿ, ಕ್ರಿಂಪ್ ತಪ್ಪಿದರೆ ಕತ್ತರಿಸಲು ಬೇಕಾಗುತ್ತದೆ.