ನೀರು ಸಣ್ಣಗೆ ಬರುತ್ತಿದೆ, ಪ್ರೆಶರ್ ಪಂಪ್ ಹಾಕಿಸಬೇಕಾ?

ಪ್ರಶ್ನೆ: ಮಹಡಿ ಮೇಲಿನ ಟ್ಯಾಂಕ್ ತುಂಬಿಯೇ ಇರುತ್ತದೆ. ಮೊದಲೆಲ್ಲ ನೀರು ಜೋರಾಗಿ ಬರುತ್ತಿತ್ತು. ಎರಡು ತಿಂಗಳಿಂದ ಅಡುಗೆಮನೆ ನಲ್ಲಿಯಲ್ಲಿ ಸಣ್ಣಗೆ ಬರುತ್ತಿದೆ. ಬಚ್ಚಲಲ್ಲಿ ತಣ್ಣೀರು ಸರಿ ಇದೆ, ಬಿಸಿನೀರು ಮಾತ್ರ ನಿಧಾನ. ಪಂಪ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಪ್ಲಂಬರ್ ಉತ್ತರ: ದಯವಿಟ್ಟು ಈಗಲೇ ಪಂಪ್ ತರಬೇಡಿ. ಟ್ಯಾಂಕಿನ ನೀರಿಗೆ ಒತ್ತಡ ಬರುವುದು ಎತ್ತರದಿಂದ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ನಿಮ್ಮ ಟ್ಯಾಂಕ್ ಇದ್ದಲ್ಲೇ ಇದೆ ಅಲ್ವಾ? ಹಾಗಾದರೆ ದಾರಿಯಲ್ಲಿ ಏನೋ ಅಡ್ಡ ಕೂತಿದೆ.

ಅಡುಗೆಮನೆ ನಲ್ಲಿಯ ತುದಿಯಲ್ಲಿ ಏರೇಟರ್ ಜಾಲರಿ ಇರುತ್ತದೆ. ಬಟ್ಟೆ ಸುತ್ತಿ ತಿರುಗಿಸಿ ಬಿಚ್ಚಿ, ಅದಿಲ್ಲದೆ ನೀರು ಬಿಡಿ. ಜೋರಾಗಿ ಬಂದರೆ ತೊಂದರೆ ಅಲ್ಲೇ. ಜಾಲರಿಯನ್ನು ವಿನೆಗರ್‌ನಲ್ಲಿ ಒಂದು ಗಂಟೆ ನೆನೆಸಿ, ಹಳೇ ಬ್ರಷ್‌ನಿಂದ ಉಜ್ಜಿ. ಪಿನ್ನಿನಿಂದ ಚುಚ್ಚಬೇಡಿ, ಜಾಲರಿ ಹರಿಯುತ್ತದೆ. ವಾಷರ್ ಯಾವ ಕಡೆ ಕೂತಿತ್ತು ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ಬಿಚ್ಚಿ ಅಂಗೈ ಮೇಲೆ ತಟ್ಟಿದೆ. ಒಂದು ಚಿಟಿಕೆ ಮರಳು, ಬಿಳೀ ಚಕ್ಕೆ! ಅಡುಗೆಮನೆ ಸರಿಹೋಯಿತು. ಬಿಸಿನೀರು ಇನ್ನೂ ಹಾಗೇ ಇದೆ.

ಪ್ಲಂಬರ್: ಸಂತೋಷ. ಈಗ ಗೀಜರ್ ಕಡೆ ನೋಡೋಣ. ಮೊದಲು ಸ್ವಿಚ್ ಆಫ್ ಮಾಡಿ. ಗೀಜರ್‌ಗೆ ನೀರು ಬಿಡುವ ಆಂಗಲ್ ವಾಲ್ವ್ ಪೂರ್ತಿ ತೆರೆದಿದೆಯಾ? ಅಲ್ಲಿಂದ ಹೋಗುವ ಹೆಣೆದ ಕನೆಕ್ಷನ್ ಪೈಪ್ ಮಡಚಿಕೊಂಡಿದೆಯಾ? ಈ ಪೈಪ್ ತುಂಬಾ ಮೋಸ ಮಾಡುತ್ತದೆ. ಹೊರಗೆ ಸ್ಟೀಲ್ ಹೊಳೆಯುತ್ತಿರುತ್ತದೆ, ಒಳಗೆ ರಬ್ಬರ್ ಉಬ್ಬಿ ಬೆಂಕಿಕಡ್ಡಿ ತೂರುವಷ್ಟೂ ಜಾಗ ಇರುವುದಿಲ್ಲ. ಹಳೆಯದಾಗಿದ್ದರೆ ಸುಮ್ನೆ ಬದಲಾಯಿಸಿ. ಅದಾದಮೇಲೂ ನಿಧಾನ ಇದ್ದರೆ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್‌ನಲ್ಲಿ ಸುಣ್ಣ ಕಟ್ಟಿರಬಹುದು. ಅದನ್ನು ನೀವು ಬಿಚ್ಚಬೇಡಿ, ಕೆಲಸ ಗೊತ್ತಿರುವವರನ್ನು ಕರೆಸಿ.

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲಿ ಎಲ್ಲಾ ನಲ್ಲಿಯಲ್ಲೂ ನೀರು ಸಣ್ಣಗೆ ಬರುತ್ತಿದೆ. ಹಳೇ ಮನೆ, ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್).

ಪ್ಲಂಬರ್: ಟ್ಯಾಂಕ್ ಒಮ್ಮೆ ಖಾಲಿಯಾದ ಮೇಲೆ ಶುರುವಾಗಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಇಲ್ಲದಿದ್ದರೆ ಟ್ಯಾಂಕ್ ಹತ್ತಿರದ ಗೇಟ್ ವಾಲ್ವ್ ನೋಡಿ. ಹಿಡಿ ಸಲೀಸಾಗಿ ತಿರುಗುತ್ತಿದ್ದರೂ ಒಳಗೆ ನೀರು ತಡೆಯುವ ಗೇಟ್ ಕಳಚಿ ಬಿದ್ದಿರುವುದುಂಟು. ಬೆಳಿಗ್ಗೆ ಮೊದಲ ನೀರು ಕಂದು ಬಣ್ಣಕ್ಕೆ ಬಂದರೆ ಪೈಪಿನೊಳಗೆ ತುಕ್ಕು ಕಟ್ಟಿದೆ ಅಂತ ಅನುಮಾನ ಪಡಿ. ಅಂಥ ಪೈಪಿಗೆ ಪಂಪ್ ಹಾಕಿದರೆ ಗೋಡೆಯೊಳಗೆ ಜಾಯಿಂಟ್ ಸೋರಬಹುದು. ಪೈಪನ್ನೇ ಬದಲಾಯಿಸಬೇಕು. ದಾರಿಯೆಲ್ಲ ಸರಿ ಇದ್ದು, ಶವರ್ ಟ್ಯಾಂಕಿನಿಂದ ಬರೀ ಒಂದೆರಡು ಮೀಟರ್ ಕೆಳಗಿದ್ದರೆ ಆಗ ಪಂಪ್ ಬೇಕಾಗುತ್ತದೆ.