ಅಪ್‌ಡೇಟ್: ಲೋನ್ ಕಾರಿನ ಐಡಲಿಂಗ್ ತೊಂದರೆಗೆ ಮೂಲ ಸಿಕ್ಕಿತು

ಲೋನ್ ಮೇಲೆ ಕೊಂಡ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರಿನ ಐಡಲಿಂಗ್ (ನಿಂತಾಗಿನ ಇಂಜಿನ್ ವೇಗ) ಏಕೆ ಏರಿಳಿಯುತ್ತದೆ, ಪಿ0171 ದೋಷದ ಕೋಡ್ (ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಅಳಿಸಿದರೂ ಏಕೆ ಮರಳುತ್ತದೆ ಎಂದು ಕೇಳಿದ್ದೆ. ಕಾರಣ, ಮಾರುವ ಮುನ್ನ ಬಿಚ್ಚಿ ತೆಗೆದ ಸಿಎನ್‌ಜಿ ಕಿಟ್.

ಗ್ಯಾಸ್ ನಾಜಲ್‌ಗಾಗಿ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ (ಇಂಜಿನ್‌ಗೆ ಗಾಳಿ ಒಯ್ಯುವ ಕೊಳವೆ) ಕೊರೆದ 4 ತೂತಿಗೆ ಎಪಾಕ್ಸಿ ಅಂಟು ಮೆತ್ತಿದ್ದಾರೆ. ಬಿಸಿಗೆ ಅದು ಬಿರುಕು ಬಿಟ್ಟು, ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತಿದೆ. ಇಂಜೆಕ್ಟರ್ ವೈರುಗಳನ್ನೂ ಎಮ್ಯುಲೇಟರ್‌ಗೆಂದು (ಗ್ಯಾಸಿನಲ್ಲಿ ಓಡುವಾಗ ಪೆಟ್ರೋಲ್ ಇಂಜೆಕ್ಟರ್ ನಿಲ್ಲಿಸುವ ಸಾಧನ) ಕತ್ತರಿಸಿ, ಆಮೇಲೆ ಬರೀ ಟೇಪ್ ಸುತ್ತಿ ಬಿಟ್ಟಿದ್ದಾರೆ. ಡಿಕ್ಕಿಯ ಮ್ಯಾಟ್ ಎತ್ತಿದರೆ ಸಿಲಿಂಡರ್ ಬ್ರಾಕೆಟ್‌ನ ಬೋಲ್ಟ್ ತೂತುಗಳು, ಸುತ್ತ ತುಕ್ಕು. ಕೊಳ್ಳುವ ಮೊದಲೇ ಎತ್ತಿ ನೋಡಬೇಕಾದ ಜಾಗ ಅದು!

ಮ್ಯಾನಿಫೋಲ್ಡ್, ಗ್ಯಾಸ್ಕೆಟ್ ಹೊಸದು ಹಾಕಬೇಕು; ವೈರುಗಳಿಗೆ ಸಾಲ್ಡರ್, ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯುವ ಹೊದಿಕೆ). ಆದರೆ ರಿಪೇರಿಗೆ ಮೊದಲು ಫೋಟೊ, ಸ್ಕ್ಯಾನ್ ವರದಿ, ಮೆಕ್ಯಾನಿಕ್‌ನ ಸಹಿ ಮಾಡಿದ ಪತ್ರ ಬೇಕು. ಬಿಚ್ಚಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ.

ಆರ್‌ಸಿಯಲ್ಲಿ ಇಂಧನ ಪೆಟ್ರೋಲ್ ಎಂದಷ್ಟೇ ಇದೆ. ಕಿಟ್ ಕೂರಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒದಲ್ಲಿ ನಮೂದಾಗಬೇಕು. ಕಾರು ಮಾರಿದ ಡೀಲರ್‌ಗೆ ಲಿಖಿತ ನೋಟಿಸ್, ಅದರ ಪ್ರತಿ ಬ್ಯಾಂಕಿಗೆ. ಗ್ರಾಹಕ ಆಯೋಗಕ್ಕೆ ಹೋಗಲು 2 ವರ್ಷ ಅವಕಾಶವಿದೆ. ಇಎಂಐ ಮಾತ್ರ ನಿಲ್ಲಿಸಬಾರದು: ಲೋನ್ ಬೇರೆಯೇ ಕರಾರು, ಕೆಡುವುದು ನಮ್ಮ ಸಿಬಿಲ್ ಸ್ಕೋರ್.