ಸೀಜ್ ಆದ ಚೈನ್ ಸಾ: ಹೊಸ ಪಿಸ್ಟನ್ ತರುವ ಮೊದಲು

ಪ್ರಶ್ನೆ: ಅಣ್ಣ, ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮರ ಕಪಾತು ಮಾಡುವಾಗ ಚೈನ್ ಸಾ (ಸ್ಟಿಲ್ ಎಂಎಸ್ 250) ಒಮ್ಮೆಲೇ ಜೋರಾಗಿ ಕಿರುಚಿ ನಿಂತುಹೋಯಿತು. ಈಗ ಹಗ್ಗ ಎಳೆದರೆ ತಡೆಯೇ ಇಲ್ಲ. ಸೈಲೆನ್ಸರ್ ಬಿಚ್ಚಿ ನೋಡಿದೆ, ಪಿಸ್ಟನ್ ತುಂಬಾ ಉದ್ದುದ್ದ ಗೀರು. ಕೆಲಸದ ಹುಡುಗ ಆಯಿಲ್ ಸೇರಿಸದೆ ಬರೀ ಪೆಟ್ರೋಲ್ ತುಂಬಿಸಿದ್ದಾನೆ ಅಂತ ಅನುಮಾನ. ಮಳೆಗಾಲದ ಬಿಡುವಿನಲ್ಲಿ ನಾನೇ ಬಿಚ್ಚಿ ಕಟ್ಟುವ ಆಸೆ. ಸಿಲಿಂಡರ್ ಬೋರ್ ಮಾಡಿಸಿ (ಒಳಗೋಡೆ ಕೊರೆಸಿ ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಬಹುದಾ?

ಉತ್ತರ: ಬೋರ್ ಬೇಡ. ಇದು ಹಳೇ ಬೈಕಿನ ಕಬ್ಬಿಣದ ಬೋರ್ ಅಲ್ಲ. ಅಲ್ಯೂಮಿನಿಯಂ ಸಿಲಿಂಡರ್, ಒಳಗೆ ತೆಳುವಾದ ಗಟ್ಟಿ ಲೇಪನ. ಲೇತಿಗೆ ಕೊಟ್ಟರೆ ಮೊದಲು ಹೋಗುವುದೇ ಅದು. ಕಾರ್ಬುರೇಟರ್ ತೆಗೆದು, ಅದರ ಹಿಂದೆ ಸಿಲಿಂಡರಿಗೆ ಹೋಗುವ ರಬ್ಬರ್ ತೂತಿನಿಂದ ಟಾರ್ಚ್ ಬಿಡಿ. ಪಿಸ್ಟನ್ನಿನ ಆ ಬದಿಯಲ್ಲೂ ಗೀರಿದೆಯಾ? ಅದೇ ಕ್ಯಾನಿನ ಪೆಟ್ರೋಲನ್ನು ಬೇರೆ ಮೆಷಿನ್ನಿಗೂ ಹಾಕಿದ್ದಿರಾ?

ಪ್ರಶ್ನೆ: ಆ ಬದಿ ನುಣ್ಣಗಿದೆ. ಕಳೆ ಹೊಡೆಯುವ ಮೆಷಿನ್ನಿಗೂ ಅದೇ ಕ್ಯಾನು, ಅದು ಚೆನ್ನಾಗಿ ಓಡುತ್ತಿದೆ.

ಉತ್ತರ: ಹಾಗಾದರೆ ಹುಡುಗನ ಮೇಲೆ ಸುಮ್ನೆ ಅನುಮಾನ ಪಟ್ಟಿದ್ದೀರಿ. ಬರೀ ಪೆಟ್ರೋಲ್ ಆಗಿದ್ದರೆ ಸಾಮಾನ್ಯವಾಗಿ ಎರಡೂ ಬದಿ ಗೀರುತ್ತದೆ, ಆ ಇನ್ನೊಂದು ಮೆಷಿನ್ನೂ ಉಳಿಯುತ್ತಿರಲಿಲ್ಲ. ನಿಮ್ಮದು ಎಲ್ಲೋ ಗಾಳಿ ಎಳೆಯುತ್ತಿದೆ. ಗಾಳಿ ಜಾಸ್ತಿ ಸೇರಿದರೆ ಪೆಟ್ರೋಲ್ ಕಮ್ಮಿ, ಅದರ ಜೊತೆ ಬರುವ ಆಯಿಲೂ ಕಮ್ಮಿ. ಮೊದಲೇ ಕಾದಿರುವ ಸೈಲೆನ್ಸರ್ ಬದಿ ಸುಡುತ್ತದೆ. ಕಿರುಚಿತು ಅಂದಿರಲ್ಲ, ಅದೂ ಇದನ್ನೇ ಹೇಳುತ್ತದೆ. ಇದನ್ನು ಹುಡುಕದೆ ಪಿಸ್ಟನ್ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಗಾಳಿ ಎಲ್ಲಿಂದ ಅಂತ ಹುಡುಕಲು ಹಳೇ ಸ್ಪಾರ್ಕ್ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು, ಆ ತೂತಿಗೆ ಸೈಕಲ್ ಟ್ಯೂಬಿನ ವಾಲ್ವ್ ಅಂಟಿಸಿ, ಪ್ಲಗ್ ಜಾಗಕ್ಕೆ ಹಾಕಿ. ಫ್ಲೈವೀಲ್, ಕ್ಲಚ್ ಎರಡೂ ಬಿಚ್ಚಿ. ಕ್ಲಚ್ಚಿನದು ಉಲ್ಟಾ ಮರೆ (ಥ್ರೆಡ್), ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಸಡಿಲ ಆಗುತ್ತದೆ. ಸೈಲೆನ್ಸರ್ ಬಾಯಿ, ಇನ್‌ಲೆಟ್ ಬಾಯಿ ಎರಡಕ್ಕೂ ಟ್ಯೂಬ್ ರಬ್ಬರ್ ಇಟ್ಟು ಬಿಗಿ ಮಾಡಿ. ಪಿಸ್ಟನ್ ಕೆಳಗಿರಲಿ. ಆ ವಾಲ್ವಿಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯಿರಿ, 7 ಪಿಎಸ್‌ಐ ಒತ್ತಡ ಸಾಕು, ಜಾಸ್ತಿ ಬೇಡ. ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಬರುತ್ತದೆ ನೋಡಿ.

ಪ್ರಶ್ನೆ: ಅಣ್ಣ, ಫ್ಲೈವೀಲ್ ಹಿಂದಿನ ಆಯಿಲ್ ಸೀಲಿನಿಂದ ಗುಳ್ಳೆ! ಸೀಲ್ ರಬ್ಬರ್ ಗಟ್ಟಿಯಾಗಿ ಅಂಚು ಸೀಳಿದೆ. ಸಿಲಿಂಡರ್ ಒಳಗೆ ಬೆಳ್ಳಗೆ ಮೆತ್ತಿಕೊಂಡಿದೆ, ಉಗುರಿಗೆ ಸಿಗುತ್ತದೆ. ಬಿಸಾಡಬೇಕಾ?

ಉತ್ತರ: ಬೇಡ, ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಕಕ್ಕಸು ತೊಳೆಯುವ ಆಸಿಡ್ಡನ್ನು ಕಿವಿ ಹತ್ತಿಯಲ್ಲಿ ಆ ಕಲೆಗೆ ಮಾತ್ರ ಮುಟ್ಟಿಸಿ. ನೊರೆ ಬರುತ್ತದೆ. ನೊರೆ ನಿಂತ ಕೂಡಲೇ ತೊಳೆಯಿರಿ. ಪೋರ್ಟಿನ (ಸಿಲಿಂಡರ್ ಗೋಡೆಯಲ್ಲಿರುವ ತೂತಿನ) ಅಂಚಿಗೆ ತಾಗಬಾರದು, ಅಲ್ಲಿ ಲೇಪನ ಇಲ್ಲ, ಸಿಲಿಂಡರನ್ನೇ ತಿನ್ನುತ್ತದೆ. ಕೆಲಸ ಹೊರಗೆ ಅಂಗಳದಲ್ಲಿ, ಗ್ಲೌಸ್, ಕನ್ನಡಕ ಹಾಕಿ. ಆಮೇಲೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ. ಆಗಲೂ ಉಗುರು ಸಿಕ್ಕಿಕೊಂಡರೆ ಲೇಪನವೇ ಹೋಗಿದೆ, ಸಿಲಿಂಡರ್ ಸೆಟ್ ತೆಗೆದುಕೊಳ್ಳಿ.

ಪಿಸ್ಟನ್ 42.5 ಎಂಎಂ. ಬಾಣದ ಗುರುತು ಸೈಲೆನ್ಸರ್ ಕಡೆಗೆ. ಫ್ಲೈವೀಲ್ ಬದಿ, ಕ್ಲಚ್ ಬದಿ, ಆಯಿಲ್ ಸೀಲ್ ಎರಡೂ ಹೊಸದು ಹಾಕಿ. ಸರ್‌ಕ್ಲಿಪ್ (ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ತಂತಿ ಕ್ಲಿಪ್) ಹಳೇದು ಹಾಕಲೇಬೇಡಿ.

ಪ್ರಶ್ನೆ: ಸರ್‌ಕ್ಲಿಪ್ ಹಾರಿ ಕಾಫಿ ಕಣಕ್ಕೆ ಬಿತ್ತು, ಮನೆಯವರೆಲ್ಲ ಬಗ್ಗಿ ಹುಡುಕಿದೆವು, ಸಿಗಲಿಲ್ಲ!

ಉತ್ತರ: ಎಲ್ಲರ ಮನೆಯಲ್ಲೂ ಇದೇ ಕಥೆ. ಹೊಸದು ತನ್ನಿ. ಹಾಕುವಾಗ ಹಾರದಂತೆ ಮೇಲೆ ಬಟ್ಟೆ ಮುಚ್ಚಿಕೊಳ್ಳಿ.

ಇನ್ನೊಬ್ಬ ಸದಸ್ಯರು: ಪೆಟ್ರೋಲ್ ಬಗ್ಗೆಯೂ ಹೇಳಿ ಅಣ್ಣ.

ಉತ್ತರ: ಕಂಪನಿಯದೇ ಆಯಿಲ್ ಆದರೆ ಲೀಟರಿಗೆ 20 ಎಂಎಲ್, ಬೇರೆ ಟೂ ಸ್ಟ್ರೋಕ್ ಆಯಿಲ್ ಆದರೆ 40. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ನಮ್ಮ ಮಳೆಗಾಲದ ತೇವ ಹೀರುತ್ತದೆ. ಮಿಕ್ಸ್ ಮಾಡಿ ತಿಂಗಳುಗಟ್ಟಲೆ ಇಡಬೇಡಿ. ಕಟ್ಟಿದ ಮೇಲೆ ಕಾರ್ಬುರೇಟರಿನ ಎಚ್ ಸ್ಕ್ರೂ (ಜೋರು ಓಟದಲ್ಲಿ ಪೆಟ್ರೋಲ್ ಎಷ್ಟು ಅಂತ ಹೊಂದಿಸುವುದು) ಸ್ವಲ್ಪ ಸಡಿಲ ಇರಲಿ, ಮೊದಲ ಎರಡು ಮೂರು ಟ್ಯಾಂಕ್ ಸಣ್ಣ ಕೊಂಬೆ ಮಾತ್ರ. ಸಿಲ್ವರ್ ಓಕ್ ಬುಡಕ್ಕೆ ಆಮೇಲೆ ಹೋಗಿ.